ಕೆಳಮುಖ ಸೆಳವು ಮತ್ತು ಸೀಸದ ತೂಕ: ನನ್ನ ಅನುಭವ

ಸಮುದ್ರದೊಳಗೆ ಕೆಳಮುಖ ಸೆಳವಿಗೆ ಸಿಕ್ಕ ಡೈವರ್‌ನನ್ನು ಕಾಪಾಡುವುದು ಕಾಲಿನ ಬಲಕ್ಕಿಂತ ಹೆಚ್ಚಾಗಿ ಅವನು ಮೊದಲೇ ಸರಿಯಾಗಿ ಹೊಂದಿಸಿ ಕಟ್ಟಿಕೊಂಡ, ಮುಳುಗಲು ನೆರವಾಗುವ ಸೀಸದ ತೂಕ ಎಂದು ನಾನು ನಂಬುತ್ತೇನೆ. ಚಿಕ್ಕಮಗಳೂರಿನವನಾದ ನನ್ನ ಅಭ್ಯಾಸವೆಲ್ಲ ಈಜುಕೊಳದ ಸಿಹಿನೀರಿನಲ್ಲಿ, ಡೈವಿಂಗ್ ಮಾತ್ರ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಉಪ್ಪುನೀರಿನಲ್ಲಿ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ, ಸಲಕರಣೆ ಸೇರಿ 100 ಕಿಲೋ ತೂಗುವ ನಾನು ಕೊಳದಲ್ಲಿ ಸರಿಹೋದ ತೂಕಕ್ಕೆ ಅಲ್ಲಿ 2.5 ಕಿಲೋ ಸೇರಿಸಿಕೊಳ್ಳಬೇಕಾಗುತ್ತದೆ. ಇದನ್ನು ಅಂದಾಜಿಗೆ ಬಿಡುವುದಿಲ್ಲ. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್ ಪೂರ್ತಿ ಖಾಲಿ ಮಾಡಿ, ಸಹಜವಾಗಿ ಎಳೆದ ಉಸಿರನ್ನು ಹಿಡಿದು, ಕೈಕಾಲು ಆಡಿಸದೆ ನೆಟ್ಟಗೆ ನಿಲ್ಲುತ್ತೇನೆ. ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬಂದು, ಉಸಿರು ಬಿಟ್ಟೊಡನೆ ಮೆಲ್ಲಗೆ ಮುಳುಗಿದರೆ ತೂಕ ಸರಿಯಾಗಿದೆ. ತುಂಬಿದ ಸಿಲಿಂಡರ್‌ನ ಗಾಳಿಯೇ ಎರಡು ಕಿಲೋಗಿಂತ ಹೆಚ್ಚು ತೂಗಿ, ಅದು ಖರ್ಚಾದಂತೆ ನಾವು ಹಗುರಾಗುವುದರಿಂದ, ಡೈವಿನ ಕೊನೆಯ ಸ್ಥಿತಿಯಲ್ಲೇ ಈ ಪರೀಕ್ಷೆ ನಡೆಯಬೇಕು.

ಹೆಚ್ಚು ಸೀಸ ಕಟ್ಟಿಕೊಂಡವರು ಅದನ್ನು ಸರಿದೂಗಿಸಲು ಜಾಕೆಟ್‌ಗೆ ಹೆಚ್ಚು ಗಾಳಿ ತುಂಬುತ್ತಾರೆ. ಅಪಾಯವಿರುವುದು ಆ ಗಾಳಿಯಲ್ಲೇ. ಮೇಲ್ಮೈಯಲ್ಲಿದ್ದ ಗಾಳಿಯ ಗಾತ್ರ 10 ಮೀಟರ್ ಆಳದಲ್ಲಿ ಅರ್ಧಕ್ಕೂ 30 ಮೀಟರ್‌ನಲ್ಲಿ ಕಾಲುಭಾಗಕ್ಕೂ ಇಳಿಯುತ್ತದೆ, ಮೈ ಬೆಚ್ಚಗಿಡುವ ರಬ್ಬರ್ ಉಡುಪಾದ ವೆಟ್‌ಸೂಟ್ ಕೂಡ ಒತ್ತಡಕ್ಕೆ ತೆಳ್ಳಗಾಗುತ್ತದೆ. ಸೆಳವು ಒಮ್ಮೆ ಕೆಳಗೆಳೆಯಿತೆಂದರೆ, ಇಳಿದಷ್ಟೂ ತೇಲುವ ಬಲ ಕುಗ್ಗುತ್ತದೆ, ಕುಗ್ಗಿದಷ್ಟೂ ಬೇಗ ಇಳಿಯುತ್ತೇವೆ.

ನೇತ್ರಾಣಿಯ ಬಂಡೆಗೋಡೆಯ ಪಕ್ಕದಲ್ಲಿ, 16 ಮೀಟರ್ ಆಳದಲ್ಲಿ, ನಾನು ಬಿಟ್ಟ ಉಸಿರಿನ ಗುಳ್ಳೆಗಳು ಮೇಲಕ್ಕೆ ಹೋಗದೆ ಭುಜದ ಬಳಿ ಸುತ್ತಿ, ಎದೆಯ ಮುಂದಿನಿಂದ ಕೆಳಗಿಳಿದವು. ಗೋಡೆಯ ಮೀನುಗಳೆಲ್ಲ ತಲೆ ಮೇಲೆ ಮಾಡಿ ಈಜುತ್ತಿದ್ದವು. "ಅಣ್ಣ, ಆಗ ಜಾಕೆಟ್‌ಗೆ ಗಾಳಿ ತುಂಬಿದರೆ ಸಾಕಲ್ಲವೇ?" ಎಂದು ಕೊಳದಲ್ಲಿ ಕೇಳಿದ್ದ ನನ್ನ ತಮ್ಮನೇ ಅಂದು ಜೊತೆಗಿದ್ದ. ಅವನ ತೋಳು ಹಿಡಿದು, ಮೇಲಕ್ಕೆ ಹೋಗಲು ಹೆಣಗದೆ, ಗೋಡೆಯಿಂದ ದೂರಕ್ಕೆ ಅಡ್ಡಲಾಗಿ ಈಜಿದೆ. ಇಂಥ ಸೆಳವು ಸಾಮಾನ್ಯವಾಗಿ ಗೋಡೆಗುಂಟ ಕಿರಿದಾದ ಪಟ್ಟಿಯಂತೆ ಹರಿಯುವುದರಿಂದ ಅಡ್ಡ ದಾರಿಯೇ ಹತ್ತಿರದ್ದು. ಗಟ್ಟಿ ಬಂಡೆ ಕೈಗೆ ಸಿಕ್ಕರೆ ಹಿಡಿದು ನಿಂತು ಯೋಚಿಸುವುದೂ ತಪ್ಪಲ್ಲ. ಜಾಕೆಟ್‌ಗೆ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿಯೇ ಸೇರಿಸಿದೆ, ಏಕೆಂದರೆ ಸೆಳವು ಬಿಟ್ಟ ಕ್ಷಣದಲ್ಲಿ ಅದೇ ಗಾಳಿ ಹಿಗ್ಗುತ್ತಾ ನಮ್ಮನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಅದು ಶ್ವಾಸಕೋಶಕ್ಕೆ ಸೆಳವಿಗಿಂತಲೂ ಅಪಾಯಕಾರಿ. 22 ಮೀಟರ್‌ನಲ್ಲಿ ಸೆಳವು ಸಡಿಲಿತು. ಕೂಡಲೇ ಜಾಕೆಟ್‌ನ ಗಾಳಿಯನ್ನು ಹೊರಬಿಟ್ಟು, ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರ್‌ನಲ್ಲಿ 3 ನಿಮಿಷ ನಿಂತೆವು.

ಯೋಜಿಸಿದ್ದಕ್ಕಿಂತ ಆಳಕ್ಕೆ ಹೋದಾಗ ದೇಹ ಹೀರಿಕೊಳ್ಳುವ ಸಾರಜನಕವೂ ಹೆಚ್ಚು. ಎತ್ತರಕ್ಕೆ ಹೋದಾಗ ಗಾಳಿಯ ಒತ್ತಡ ಇಳಿದು, ಅದು ದೇಹದೊಳಗೆ ಗುಳ್ಳೆಗಟ್ಟಬಹುದು. ಹಲವು ಡೈವ್‌ಗಳ ಬಳಿಕ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬ ನಿಯಮವನ್ನೇ ನಾನು ಘಟ್ಟದ ದಾರಿಗೂ ಅನ್ವಯಿಸಿಕೊಂಡಿದ್ದೇನೆ. ಆಗುಂಬೆ ಹತ್ತಿ, 1,000 ಮೀಟರ್‌ಗೂ ಮೇಲಿರುವ ಚಿಕ್ಕಮಗಳೂರಿಗೆ ಮರಳುವ ಪ್ರಯಾಣವನ್ನು ಮರುದಿನಕ್ಕೇ ಇಟ್ಟುಕೊಳ್ಳುತ್ತೇನೆ.