ಅವ್ವನ ಜಮಖಾನ, ಬುರುಡೆ ಬಲ್ಬಿನ ಬೆಳಕು

ಕಳೆದ ದಸರಾಕ್ಕೆ ಮುಂಚೆ ಮೈಸೂರಿನ ನಮ್ಮ ಮನೆಯ ಹಾಲ್ ಪೂರ್ತಿ ಖಾಲಿ ಮಾಡಿದೆವು. ಶೋಕೇಸ್ ಹೋಯಿತು, ಗಾಜಿನ ಟೀಪಾಯಿ ಹೋಯಿತು. ಮದುವೆಗೆ ಬಂದ ಗಿಫ್ಟ್‌ಗಳೆಲ್ಲ ರಟ್ಟಿನ ಡಬ್ಬ ಸೇರಿ ಅಟ್ಟ ಹತ್ತಿದವು. ಗೋಡೆಗೆ ಅಚ್ಚ ಬಿಳಿ ಬಣ್ಣ ಹೊಡೆಸಿದೆವು. ಸಾಮಾನು ಕಡಿಮೆ ಇರಬೇಕು, ಕೂತರೆ ಹಾಯೆನಿಸಬೇಕು ಅನ್ನುವುದು ನಮ್ಮ ಆಸೆ.

ಧಾರವಾಡದಿಂದ ಬಂದ ಅವ್ವ ಬಾಗಿಲಲ್ಲೇ ನಿಂತು, "ಏನವಾ ಇದು, ಮನಿ ಬಿಟ್ಟು ಹೊಂಟೀರೇನು?" ಅಂದಳು.

ಅವಳ ಮಾತು ನಿಜವೇ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಹಾಲ್ ಆಸ್ಪತ್ರೆಯ ವರಾಂಡದ ಹಾಗೆ ಕಾಣುತ್ತಿತ್ತು. ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು.

ಮೊದಲು ಬೆಳಕು ಬದಲಾಯಿಸಿದೆವು. ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಒಂದು ಸಂಖ್ಯೆ, ಪಕ್ಕದಲ್ಲಿ 'ಕೆ' (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇರುತ್ತದೆ, ನೋಡಿ. ನಮ್ಮಲ್ಲಿದ್ದದ್ದು 6500 ಕೆ, ನೀಲಿ ಬೆರೆತ ಬಿಳಿ ಬೆಳಕು. 2700 ಕೆ ತಂದೆವು. ಅದು ಹೆಚ್ಚುಕಮ್ಮಿ ಹಳೆಯ ಬುರುಡೆ ಬಲ್ಬಿನ ಬೆಳಕೇ. ಚಾವಣಿಯ ನಡುವಿನ ಒಂದೇ ದೀಪದ ಬದಲು ಮೂಲೆಗಳಲ್ಲಿ ಎರಡು ಗಿಡ್ಡ ದೀಪ ಇಟ್ಟೆವು. ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಮಾತ್ರ 4000 ಕೆ. ಅಲ್ಲಿ ಕಣ್ಣಿಗೆ ಚೆನ್ನಾಗಿ ಕಾಣಬೇಕು, ಅಲ್ವಾ?

ಗೋಡೆಗೆ ಮತ್ತೆ ಬಣ್ಣ ಹೊಡೆಸಬೇಕಾಯಿತು. ಈ ಸಲ ಕೆನೆ ಬಣ್ಣ. ಬಣ್ಣದಂಗಡಿಯ ಚಿಕ್ಕ ಮಾದರಿ ಚೀಟಿ ನೋಡಿ ಆರಿಸಲಿಲ್ಲ. ಎರಡು ಗೋಡೆಗೆ ಎರಡೆರಡು ಅಡಿ ಹಚ್ಚಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿದೆವು. ಪರದೆಗೆ ಕೋರಾ ಬಟ್ಟೆ. ಅದನ್ನು ಹೊಲಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಲೇಬೇಕು. ನಾನು ಹಾಗೆ ಮಾಡಲಿಲ್ಲ. ಮೊದಲ ಒಗೆತಕ್ಕೇ ಏಳಡಿಯ ಪರದೆ ನಾಲ್ಕು ಇಂಚು ಮೇಲೇರಿತು.

ಸೋಫಾ ಕೊಟ್ಟುಬಿಟ್ಟು ಊರಿನಿಂದ ಅಜ್ಜನ ಸಾಗುವಾನಿ ಬೆಂಚು ತರಿಸಿದೆವು. ಅದರ ಮೇಲೆ ಕಂದು ಪೇಂಟ್ ಪದರಪದರವಾಗಿ ಕೂತಿತ್ತು. ಮೂರು ಭಾನುವಾರ ಕೂತು ಮರಳು ಕಾಗದದಲ್ಲಿ ತಿಕ್ಕಿದೆ. ಒಂದು ಕಡೆ ಪೇಂಟ್ ಬಿಟ್ಟು ಜೇನಿನ ಬಣ್ಣದ ಗೆರೆಗಳು ಕಂಡಾಗ ಸುಮ್ನೆ ಕೈಯಾಡಿಸುತ್ತ ಕೂತುಬಿಟ್ಟೆ. ಆಮೇಲೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಪೂರ್ತಿ ಒಣಗಿಸಿ.

ಇಷ್ಟಾದರೂ ದನಿ ಬಡಿಯುವುದು ನಿಂತಿರಲಿಲ್ಲ. ಅದಕ್ಕೆ ಪರಿಹಾರ ಅವ್ವನ ಟ್ರಂಕಿನಲ್ಲಿತ್ತು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ. ಅಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗಕ್ಕೆ ಕೂತು ಹತ್ತಿ ನೂಲಿನಲ್ಲಿ ನೇಯುವ ಹಾಸು. ಕೆಂಪು, ಹಳದಿ, ಕಪ್ಪು, ಅಂಚಿನಲ್ಲಿ ನವಿಲು. ಇಷ್ಟು ಬಣ್ಣ ಕಡಿಮೆ ಸಾಮಾನಿನ ಮನೆಗೆ ಹೊಂದುತ್ತದಾ ಅಂತ ಹೆದರಿದ್ದೆ. ಆದರೆ ಸುತ್ತ ಬೇರೇನೂ ಇಲ್ಲದ್ದರಿಂದಲೇ ಆ ನವಿಲುಗಳು ಕಾಣುತ್ತವೆ. ಅದೇ ಶೋಕೇಸ್ ಪಕ್ಕ ಹಾಸಿದ್ದರೆ ಯಾರೂ ನೋಡುತ್ತಿರಲಿಲ್ಲ. ಹಾಲ್‌ನಲ್ಲಿ ದನಿ ಬಡಿಯುವುದೂ ತಗ್ಗಿತು.

ಅದರ ಎರಡೂ ಮೈ ಒಂದೇ ಥರ. ಮಧ್ಯಾಹ್ನ ಕಿಟಕಿಯ ಬಿಸಿಲು ಒಂದು ಮೂಲೆಗೆ ಜಾಸ್ತಿ ಬೀಳುವುದರಿಂದ ತಿಂಗಳಿಗೊಮ್ಮೆ ಮಗುಚಿ, ದಿಕ್ಕು ತಿರುಗಿಸಿ ಹಾಸುತ್ತೇವೆ.