ಹಲಸಿನ ಹಪ್ಪಳಕ್ಕೆ ಮೊಬೈಲ್‌ನಲ್ಲಿ ಗಿರಾಕಿ ಸಿಗಬೇಕಾದರೆ

ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಹಲಸಿನ ಹಪ್ಪಳ, ಮಾಂಬಳ, ಸಂಡಿಗೆ ಮಾಡಿಟ್ಟು ಮಳೆಗಾಲದಲ್ಲಿ ಮಾರುವ ಮನೆಗಳು ಉಡುಪಿ, ಮಂಗಳೂರಿನ ಕಡೆ ಎಷ್ಟೋ ಇವೆ. ಮೊದಲು ಮಾಲು ಪೇಟೆಯ ಅಂಗಡಿಗೆ ಹೋಗುತ್ತಿತ್ತು, ತಿನ್ನುವವರು ಯಾರೆಂದು ಮಾಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಮುಂಬೈಯಲ್ಲಿ ನೆಲೆಸಿದ ಕಾರ್ಕಳದವರು, ದುಬೈಯಿಂದ ರಜೆಗೆ ಬಂದ ಕುಂದಾಪುರದವರು ನೇರ ಮೊಬೈಲ್‌ನಲ್ಲೇ ಹುಡುಕುತ್ತಾರೆ. ಅವರ ಕೈಗೆ ಸಿಗಲು ದುಡ್ಡು ಕೊಟ್ಟು ಜಾಹೀರಾತು ಮಾಡುವುದು ಮೊದಲ ಕೆಲಸವಲ್ಲ. ಗೂಗಲ್ ಹುಡುಕಾಟ, ಮ್ಯಾಪಿನಲ್ಲಿ ನಿಮ್ಮ ವ್ಯಾಪಾರವನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್, ವ್ಯಾಪಾರಿಗಳಿಗೆಂದೇ ಇರುವ ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಎರಡೂ ಪುಕ್ಕಟೆ ಸಿಗುತ್ತವೆ. ಇವೆರಡನ್ನು ಸರಿ ಮಾಡಿಕೊಂಡ ಮೇಲೆ ಉಳಿದದ್ದು.

ಗೂಗಲ್‌ನಲ್ಲಿ ಹೆಸರು ಬರೆಯುವಾಗಲೇ ಹೆಚ್ಚಿನವರು ಎಡವುತ್ತಾರೆ. ಬೋರ್ಡಿನಲ್ಲಿ ಇರುವ ಹೆಸರನ್ನಷ್ಟೇ ಹಾಕಿ. ಅದರ ಹಿಂದೆ ‘ಬೆಸ್ಟ್ ಹಪ್ಪಳ ಉಡುಪಿ’ ಎಂದು ಸೇರಿಸಿದರೆ ಪ್ರೊಫೈಲನ್ನೇ ಅಮಾನತು ಮಾಡುವ ಸಾಧ್ಯತೆ ಇದೆ. ಬರೀ ಕೊರಿಯರ್‌ನಲ್ಲಿ ಮಾರುವವರಿಗೆ ಪ್ರೊಫೈಲ್ ಸಿಗುವುದಿಲ್ಲ. ಗಿರಾಕಿ ನಿಮ್ಮಲ್ಲಿಗೆ ಬರಬೇಕು, ಇಲ್ಲವೇ ನೀವೇ ಅವರ ಮನೆಗೆ ಮುಟ್ಟಿಸಬೇಕು. ಎರಡನೆಯ ರೀತಿಯವರು ವಿಳಾಸ ಅಡಗಿಸಿ, ತಲುಪಿಸುವ ಊರುಗಳನ್ನು ನಮೂದಿಸಬಹುದು. ದೃಢೀಕರಣಕ್ಕೆ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ: ಕನಿಷ್ಠ 30 ಸೆಕೆಂಡು, ನಡುವೆ ಎಲ್ಲೂ ಕತ್ತರಿಸದೆ. ರಸ್ತೆಯಿಂದ ಶುರು ಮಾಡಿ, ಬೋರ್ಡು ತೋರಿಸಿ, ಒಳಗೆ ಹೋಗಿ ಪ್ಯಾಕಿಂಗ್ ಮಾಡುವ ಜಾಗವನ್ನೂ ತೋರಿಸಿ. ಬೋರ್ಡೇ ಇಲ್ಲದ ಮನೆಗಳ ವಿಡಿಯೊ ತಿರಸ್ಕಾರವಾಗುವುದು ಸಾಮಾನ್ಯ.

ಆಮೇಲೆ ಮ್ಯಾಪಿನ ಪಿನ್ನು, ಅಂದರೆ ನಿಮ್ಮ ಜಾಗ ತೋರಿಸುವ ಗುರುತು. ನಮ್ಮ ಕಡೆಯ ಮನೆಗಳು ತೋಟದ ಒಳಗಿರುತ್ತವೆ. ಪಿನ್ನು ಮನೆಯ ಮಾಡಿನ ಮೇಲೆ ಕೂತರೆ ಮ್ಯಾಪು ಗಿರಾಕಿಯನ್ನು ಹಿಂದಿನ ಗದ್ದೆಯ ದಾರಿಗೆ ಕರೆದೊಯ್ಯಬಹುದು. ಅದನ್ನು ಗೇಟಿಗೆ ಎಳೆದು, ಬೇರೆಯವರ ಮೊಬೈಲ್‌ನಿಂದ ದಾರಿ ಹಿಡಿದು ನೋಡಿ. ಉಡುಪಿಯ ರಥಬೀದಿಯ ಆಸುಪಾಸಿನ ಅಂಗಡಿಯವರು ವಿಶೇಷ ದಿನಗಳ ಸಮಯವನ್ನೂ ಬದಲಿಸಬೇಕು. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆ, ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ದೂರದಿಂದ ಬಂದವರು ‘ಓಪನ್’ ಎಂದು ಕಂಡು ಬಾಗಿಲು ಹಾಕಿದ ಅಂಗಡಿ ನೋಡಿದರೆ, ಆ ಸಿಟ್ಟು ರಿವ್ಯೂದಲ್ಲಿ ಇಳಿಯುತ್ತದೆ. ರಿವ್ಯೂ ಬರೆದರೆ ರಿಯಾಯಿತಿ ಎಂದು ಮಾತ್ರ ಹೇಳಬೇಡಿ, ಅದು ನಿಯಮಕ್ಕೆ ವಿರುದ್ಧ.

ವಾಟ್ಸ್ಯಾಪ್ ಬಿಸಿನೆಸ್‌ಗೆ ಬೇರೆಯೇ ನಂಬರು ಇಡಿ. ಕ್ಯಾಟಲಾಗ್‌ನಲ್ಲಿ ಪ್ರತಿ ಮಾಲಿಗೂ ಎರಡು ಫೋಟೊ ಸಾಕು. ಕರಿಯದ ಹಪ್ಪಳವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ತೆಗೆದರೆ ಎಷ್ಟು ತೆಳ್ಳಗಿದೆ, ಎಲ್ಲೆಲ್ಲಿ ಮೆಣಸಿನ ಚೂರಿದೆ ಎನ್ನುವುದು ಕಾಣುತ್ತದೆ. ಕೊಳ್ಳುವವರು ನೋಡುವುದು ಅದನ್ನೇ. ಇನ್ನೊಂದು ಕರಿದದ್ದು, ಬಿಳಿ ತಟ್ಟೆಯಲ್ಲಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಹಪ್ಪಳದ ಬಣ್ಣ ಕಳೆಗುಂದುತ್ತದೆ. ತೂಕ, ಬೆಲೆ, ಖಾರ ಎಷ್ಟು, ಯಾವ ತಿಂಗಳು ಮಾಡಿದ್ದು, ಇಷ್ಟನ್ನು ಬರೆಯಿರಿ. ಹೆಸರನ್ನು ಕನ್ನಡದ ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲೂ ಕೊಡಿ. ತುಳುವಿನಲ್ಲಿ ವಾಯ್ಸ್ ಮೆಸೇಜ್ ಬಂದರೆ ತುಳುವಿನಲ್ಲೇ ಉತ್ತರಿಸಿ. ಅಷ್ಟರಲ್ಲೇ ಅರ್ಧ ವಿಶ್ವಾಸ ಕುದುರುತ್ತದೆ.

ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಹಾಗಾಗಿ ಮೊದಲ ಪಾರ್ಸೆಲ್ ಒಳಗೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡಿ. ಹೊಸ ಮಾಲು ಬಂದಾಗ ಮಾತ್ರ ಕಳಿಸಿ. ದಿನಾ ಶುಭೋದಯ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ದೂರು ಹೆಚ್ಚಾದರೆ ನಂಬರೇ ಬಂದ್ ಆಗಬಹುದು.

ಹಣದ ವಿಷಯದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ, ಸುಳ್ಳು ಸ್ಕ್ರೀನ್‌ಶಾಟ್ ತಯಾರಿಸುವುದು ಸುಲಭ. ನಿಮ್ಮ ಖಾತೆಗೆ ಜಮೆಯಾದದ್ದನ್ನು ನೋಡಿಯೇ ಪ್ಯಾಕ್ ಮಾಡಿ, ಯುಪಿಐನ 12 ಅಂಕಿಯ ವಹಿವಾಟು ಸಂಖ್ಯೆಯ ಕೊನೆಯ ನಾಲ್ಕನ್ನು ಆರ್ಡರ್ ಪುಸ್ತಕದಲ್ಲಿ ಬರೆದಿಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದರೆ ಅದು ಮೋಸ.

ಲಾಭ ಸೋರುವುದು ಪೆಟ್ಟಿಗೆಯಲ್ಲಿ. ಅನೇಕ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತಾರೆ. ಒಂದು ಕಿಲೋ ಹಪ್ಪಳವನ್ನು 30×30×20ರ ಪೆಟ್ಟಿಗೆಯಲ್ಲಿ ಕಳಿಸಿದರೆ 3.6 ಕಿಲೋ ಲೆಕ್ಕ. 15 ಸೆಂಟಿಮೀಟರ್ ಅಗಲದ ಹಪ್ಪಳಕ್ಕೆ 16×16×20ರ ಪೆಟ್ಟಿಗೆಯಾದರೆ ಒಂದು ಕಿಲೋ ಚಿಲ್ಲರೆ. ಅಲುಗಾಡಲು ಜಾಗ ಇಲ್ಲದ್ದರಿಂದ ಒಡೆಯುವುದೂ ಕಡಿಮೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರು ಇರಲೇಬೇಕು.

ಇಷ್ಟಾದ ಮೇಲೆ ಜಾಹೀರಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟನ್ನು ಜಾಹೀರಾತಾಗಿಸುವ ‘ಬೂಸ್ಟ್’ ಗುಂಡಿಯನ್ನು ಸುಮ್ಮನೆ ಒತ್ತಬೇಡಿ. ಊರು ಆರಿಸದಿದ್ದರೆ ಹಲಸಿನ ಹಪ್ಪಳ ಏನೆಂದೇ ತಿಳಿಯದವರಿಗೂ ತೋರಿಸಿ ಹಣ ಕರಗಿಸುತ್ತದೆ. ಮುಂಬೈ, ಬೆಂಗಳೂರು ಮಾತ್ರ ಆರಿಸಿ, ದಿನಕ್ಕೆ ₹200ರಂತೆ ಐದು ದಿನ ಹಾಕಿ. ಬಂದ ಮೆಸೇಜ್‌ಗಳಿಗೆ ಲೇಬಲ್ ಹಚ್ಚಿ, ಹಣ ಕೊಟ್ಟವರನ್ನು ಮಾತ್ರ ಎಣಿಸಿ, ₹1000ವನ್ನು ಆ ಸಂಖ್ಯೆಯಿಂದ ಭಾಗಿಸಿ. ಅದು ಒಂದು ಆರ್ಡರಿನ ಲಾಭಕ್ಕಿಂತ ಹೆಚ್ಚಿದ್ದರೆ ಫೋಟೊ ಬದಲಿಸಿ ಇನ್ನೊಮ್ಮೆ ನೋಡಿ. ಮಾಲು ಮುಗಿದ ದಿನ ಜಾಹೀರಾತು ನಿಲ್ಲಿಸಿ, ಕ್ಯಾಟಲಾಗ್‌ನಲ್ಲೂ ಅದನ್ನು ಮರೆಮಾಡಿ.