ಗೀಜಗನ ಗೂಡಿನೊಳಗಿನ ಮಣ್ಣು

ನಮ್ಮ ಮೇಷ್ಟ್ರು ತೀರಿಕೊಂಡು ಒಂದು ವರ್ಷದ ಮೇಲಾಯಿತು. ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದರು. ನಾನು 1998ರಿಂದ 2001ರವರೆಗೆ ಅವರ ಹತ್ತಿರ ಬಿ.ಎಸ್ಸಿ. ಓದಿದವಳು. ಈಗ ಮಂಡ್ಯ ಹತ್ತಿರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅವರ ಬಗ್ಗೆ ಏನಾದರೂ ಬರಿ ಅಂತ ಜೊತೆಗೆ ಓದಿದ ಗೆಳತಿಯರು ಕೇಳುತ್ತಲೇ ಇದ್ದರು. ಕೂತರೆ ಕೈ ಓಡುತ್ತಿರಲಿಲ್ಲ. ಬರೀ ಹೊಗಳಿಕೆ ಬರೆದರೆ ಅವರಿಗೇ ಇಷ್ಟ ಆಗುತ್ತಿರಲಿಲ್ಲ. ಅದಕ್ಕೆ ಅವರಿಂದ ಕಲಿತ ಒಂದೇ ಒಂದು ಕೆಲಸವನ್ನು ನಾನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಶನಿವಾರ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರಬೇಕಿತ್ತು. ಮೊದಲ ದಿನ ನೀರಿನ ಮಧ್ಯದ ಒಣಮರದಲ್ಲಿ ಉದ್ದ ಕತ್ತಿನ ಕಪ್ಪು ಹಕ್ಕಿ ಕೂತಿತ್ತು. "ಸರ್, ಇದು ಯಾವ ಹಕ್ಕಿ?" ಅಂದೆ.

"ಹೆಸರು ಆಮೇಲೆ. ಏನು ಮಾಡ್ತಿದೆ, ಅದನ್ನ ಹೇಳು."

"ರೆಕ್ಕೆ ಒಣಗಿಸ್ತಿದೆ ಸರ್."

"ಒಣಗಿಸ್ತಿದೆ ಅಂತ ನಿನಗೆ ಯಾರಮ್ಮ ಹೇಳಿದ್ರು? ರೆಕ್ಕೆ ಹರಡಿ ಕೂತಿದೆ. ಕಂಡಿದ್ದು ಅಷ್ಟೇ ಅಲ್ವಾ? ಅಷ್ಟೇ ಬರ್ಕೊ. ಯಾಕೆ ಅನ್ನೋದನ್ನ ಪಕ್ಕದ ಪುಟದಲ್ಲಿ ಬರಿ."

ಹಾವಕ್ಕಿ ಅನ್ನುವ ಹೆಸರು ಸಿಕ್ಕಿದ್ದು ಮುಕ್ಕಾಲು ಗಂಟೆ ಆದಮೇಲೆ. ಅಷ್ಟರಲ್ಲಿ ಅದು ಎರಡು ಸಲ ಮುಳುಗಿ ಎದ್ದು, ಎರಡು ಸಲವೂ ಬಂದು ರೆಕ್ಕೆ ಹರಡಿತ್ತು. ಒಣಗಿಸುತ್ತಿದೆ ಅಂತ ಪಕ್ಕದ ಪುಟದಲ್ಲಿ ಧೈರ್ಯವಾಗಿ ಬರೆದೆ. ಎಡಗಡೆ ಪುಟಕ್ಕೆ ಕಂಡದ್ದು, ಬಲಗಡೆ ಪುಟಕ್ಕೆ ಅನಿಸಿದ್ದು. ಇವತ್ತಿಗೂ ನನ್ನ ಪುಸ್ತಕ ಹಾಗೇ ಇದೆ. ನನ್ನ ಮಕ್ಕಳಿಗೂ, ಅಂದರೆ ಕಾಲೇಜಿನ ಮಕ್ಕಳಿಗೂ, ಅದನ್ನೇ ಮಾಡಿಸುತ್ತೇನೆ.

ಪಕ್ಷಿತಜ್ಞ ಸಲೀಂ ಅಲಿ ಕಥೆಯನ್ನು ಮೇಷ್ಟ್ರು ತರಗತಿಯಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. 1930ರ ಸುಮಾರಿಗೆ ಮ್ಯೂಸಿಯಂ ಕೆಲಸ ಹೋಗಿ, ಕಿಹಿಂ ಅನ್ನುವ ಸಮುದ್ರದ ಪಕ್ಕದ ಊರಲ್ಲಿ ಇದ್ದಾಗ ಸಲೀಂ ಅಲಿ ಗೀಜಗಗಳನ್ನು ಕೂತು ನೋಡಿದ್ದು. ಒಂದೇ ಗಂಡು ಒಂದಾದ ಮೇಲೆ ಒಂದು ಗೂಡು ಕಟ್ಟಿ, ಬೇರೆ ಬೇರೆ ಹೆಣ್ಣುಗಳ ಜೊತೆ ಸಂಸಾರ ಮಾಡುತ್ತೆ ಅಂತ ಗೊತ್ತಾಗಿದ್ದು ಆಗ. "ಅವರ ಹತ್ರ ಏನಿತ್ತು? ಕೂರೋಕೆ ಜಾಗ, ಹೋಗೋಕೆ ಆಫೀಸಿಲ್ಲ. ಅಷ್ಟೇ ಕಣ್ರಮ್ಮ" ಅನ್ನುತ್ತಿದ್ದರು.

2013ರಲ್ಲಿ ನನಗೂ ಕೂರುವ ಜಾಗ ಸಿಕ್ಕಿತು. ಕಾಲೇಜಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಒಂದು ಹಳೇ ತೆರೆದ ಬಾವಿ. ಅದರ ಮೇಲೆ ಬಾಗಿದ ಎರಡು ಈಚಲು ಮರ, ಒಂದು ಕರಿಜಾಲಿ. ಆಚೆ ಕಡೆ ವಿ.ಸಿ. ನಾಲೆ ನೀರಿನ ಗದ್ದೆ, ಈಚೆ ಕಬ್ಬು. ಜೂನ್ ಮಳೆ ಬಿದ್ದ ಮೇಲೆ ಹಳದಿ ತಲೆಯ ಗಂಡು ಗೀಜಗಗಳು ಅಲ್ಲಿ ಸೇರುತ್ತವೆ.

ಕೆಲಸ ಸುಲಭ. ಒಂದು ಹಾಳೆಯಲ್ಲಿ ಮರದ ಚಿತ್ರ ಬರೆದು ಪ್ರತಿ ಗೂಡಿಗೂ ನಂಬರ್ ಕೊಡೋದು. ಮರಕ್ಕೆ ಏನನ್ನೂ ಕಟ್ಟಬಾರದು, ಬಳಿಯಬಾರದು. ಪ್ರತಿ ಭಾನುವಾರ ಆರೂವರೆಯಿಂದ ಒಂಬತ್ತರವರೆಗೆ ಕಬ್ಬಿನ ಬದುವಿನ ಮೇಲೆ ಕೂತು ಯಾವ ಗೂಡು ಯಾವ ಹಂತದಲ್ಲಿದೆ ಅಂತ ಬರೆಯೋದು. ಹಂತಗಳಿಗೆ ಮಕ್ಕಳೇ ಹೆಸರಿಟ್ಟರು: ಗಂಟು, ಉಂಗುರ, ಟೊಪ್ಪಿ, ಕೊಳವೆ. ಬರೆಯೋಕೆ ಪೆನ್ಸಿಲ್ಲೇ ಆಗಬೇಕು, ಸೋನೆ ಮಳೆಗೆ ಪೆನ್ನಿನ ಇಂಕು ಹರಡಿ ಒಂದು ತಿಂಗಳ ಬರಹ ಹೋಗಿದೆ. ಇದ್ದದ್ದು ಒಂದೇ ದುರ್ಬೀನು. ಸರದಿ ಮೇಲೆ ನೋಡುತ್ತಿದ್ದೆವು.

ಟೊಪ್ಪಿ ಹಂತ ನೋಡಬೇಕಾದ್ದು. ಗೂಡು ಅರ್ಧ ಆಗಿರುತ್ತೆ, ಬಾಯಿ ಕೆಳಗೆ ಮಾಡಿ ಹೆಲ್ಮೆಟ್ಟು ನೇತುಹಾಕಿದ ಹಾಗೆ. ಗಂಡು ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕೂಗುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ಕೊಕ್ಕಿನಲ್ಲಿ ಅಲ್ಲಲ್ಲಿ ನಾರು ಎಳೆದು ನೋಡುತ್ತದೆ. ಒಪ್ಪಿದರೆ ಗಂಡು ಕೆಳಗೆ ಇಳಿಬಿಡುವ ಬಾಗಿಲಿನ ಕೊಳವೆವರೆಗೂ ಕಟ್ಟಿ ಮುಗಿಸುತ್ತದೆ. ಒಪ್ಪದಿದ್ದರೆ ಎಷ್ಟೋ ಸಲ ಗೂಡು ಅಲ್ಲಿಗೇ ನಿಲ್ಲುತ್ತದೆ. ಮನೆ ನೋಡೋಕೆ ಬಂದವರು ಗೋಡೆ ತಟ್ಟಿ ನೋಡುತ್ತಾರಲ್ಲ, ಥೇಟ್ ಹಾಗೆ.

ನನ್ನ ತಪ್ಪು ಆಗಿದ್ದು ಇಲ್ಲೇ. ಎರಡನೇ ವರ್ಷ ಒಂದು ಟೊಪ್ಪಿ ಗೂಡು ಎರಡು ವಾರ ಹಾಗೇ ಇತ್ತು. ಹೆಣ್ಣು ಒಪ್ಪಿಲ್ಲ, ಬಿಟ್ಟುಹೋಗಿದೆ ಅಂದುಕೊಂಡು ಕೊಯ್ದು ತಂದು ಲ್ಯಾಬಿನಲ್ಲಿ ನೇತುಹಾಕಿದೆ. ಮುಂದಿನ ಭಾನುವಾರ ಹೋದರೆ ಒಂದು ಗಂಡು ಅದೇ ಕಡ್ಡಿಯ ತುದಿಗೆ ಹೊಸದಾಗಿ ಗಂಟು ಹಾಕುತ್ತಿತ್ತು. ಆ ತಿಂಗಳು ಮೇಷ್ಟ್ರು ನಮ್ಮ ಕಾಲೇಜಿಗೆ ಬಂದಿದ್ದರು. ಗೂಡನ್ನು ಸುಮ್ಮನೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಬಿಟ್ಟುಹೋಗಿದೆ ಅನ್ನೋದು ಯಾವ ಪುಟದ್ದಮ್ಮ, ಎಡಗಡೆದಾ ಬಲಗಡೆದಾ?" ಅಂದರು. ಬೇರೇನೂ ಅನ್ನಲಿಲ್ಲ. ನನಗೆ ಇವತ್ತಿಗೂ ಆ ಮಾತು ನೆನಪಾದರೆ ಸಂಕಟ ಆಗುತ್ತದೆ. ಆಮೇಲೆ ಮರದ ಗೂಡು ಮುಟ್ಟಿಲ್ಲ. ದೀಪಾವಳಿ ಕಳೆದ ಮೇಲೆ ಗಾಳಿಗೆ ತಾನಾಗಿ ಬಿದ್ದದ್ದನ್ನು ಮಾತ್ರ ತರುತ್ತೇವೆ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ ತಾರೀಕು, ಮರ, ನಂಬರ್ ಬರೆಯುತ್ತೇವೆ. "ತಾರೀಕು ಇಲ್ದೇ ಇರೋ ಮಾದರಿ ಬರೀ ಕಸ" ಅಂತ ಅವರೇ ಹೇಳಿದ್ದು.

ಗದ್ದೆ ಯಜಮಾನರಿಗೆ ಮೊದಮೊದಲು ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. "ಗೂಡಿನ ಲೆಕ್ಕ ಬರೀತೀರಲ್ಲ ಮೇಡಮ್ಮಾರೆ, ನಮ್ ಭತ್ತ ಎಷ್ಟು ತಿಂತವೆ ಅದ್ನೂ ಬರ್ಕಳಿ" ಅಂದರು. ಸರಿಯಾದ ಮಾತು. ಕಾಳು ಕಟ್ಟುವಾಗ ಗೀಜಗನ ಹಿಂಡು ಗದ್ದೆಗೆ ಇಳಿಯುವುದು ನಿಜ. ಮರಿಗಳಿಗೆ ಹುಳ ತಂದು ತಿನ್ನಿಸುವುದೂ ನಿಜ. ಅವರಿಗೆ ದುರ್ಬೀನು ಕೊಟ್ಟು ಕೂರಿಸಿದೆವು. ಒಂದು ತಾಯಿ ಹಸಿರು ಹುಳ ಕಚ್ಚಿಕೊಂಡು ಕೊಳವೆಯೊಳಗೆ ನುಗ್ಗಿದ್ದನ್ನು ಅವರೇ ಕಂಡರು. ಈಚಲು ಮರ ಇನ್ನೂ ಉಳಿದಿರುವುದು ಆ ಯಜಮಾನರಿಂದ. ಸುತ್ತಮುತ್ತ ಎಷ್ಟೋ ಬಾವಿ ಮುಚ್ಚಿದರು, ಎಷ್ಟೋ ಈಚಲು ಕಡಿದರು. ಈಗ ಕರೆಂಟ್ ತಂತಿಗೂ ಗೂಡು ಕಟ್ಟುತ್ತಿವೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಮಣ್ಣಿನ ವಿಷಯ. ಗೀಜಗನ ಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಉಂಡೆ ಮೆತ್ತಿರುತ್ತದೆ. ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಮೇಷ್ಟ್ರು ಆ ಮಾತಿಗೆ ನಗಲಿಲ್ಲ. "ಬಿದ್ದ ಗೂಡು ಬಿಚ್ಚಿ ನೋಡು, ಹುಳ ಇದ್ರೆ ಬರಿ" ಅಂದರು. ನೋಡಿದ ಯಾವ ಗೂಡಿನಲ್ಲೂ ಹುಳ ಸಿಗಲಿಲ್ಲ. ಗಾಳಿಗೆ ಗೂಡು ಹೊಯ್ದಾಡದ ಹಾಗೆ ಭಾರಕ್ಕೆ ಮೆತ್ತುತ್ತೆ ಅಂತ ಒಂದು ವಿವರಣೆ ಇದೆ. ಅದನ್ನು ಅವರಿಗೆ ಹೇಳಿದೆ. "ಇರ್ಬೋದು. ಅದಿರ್ಲಿ, ಆ ಮಣ್ಣು ಎಲ್ಲಿಂದ ತರುತ್ತೆ?" ಅಂದರು.

ಅದು ಫೋನಿನಲ್ಲಿ ನಾವು ಆಡಿದ ಕೊನೆಯ ಮಾತು. ನೋಡಿ ಹೇಳ್ತೀನಿ ಸರ್ ಅಂದೆ. ಪರೀಕ್ಷೆ, ಮೌಲ್ಯಮಾಪನ ಅಂತ ದಿನ ಹೋಯಿತು. ಏಪ್ರಿಲ್‌ನಲ್ಲಿ ಅವರು ಹೋದರು. ಹನ್ನೊಂದನೇ ದಿನ ಮನೆಗೆ ಹೋದಾಗ ಅವರ ಮನೆಯವರು ನನ್ನ ಕೈ ಹಿಡಿದು, "ನೀನೇ ಅಲ್ವೇನಮ್ಮ ಮಣ್ಣಿನ ಹುಡುಗಿ? ಏನಾಯ್ತೋ ಅಂತ ಕೇಳ್ತಾನೇ ಇದ್ರು" ಅಂದರು. ಬಸ್ಸಿನಲ್ಲಿ ಮಂಡ್ಯ ಮುಟ್ಟುವವರೆಗೂ ಅಳು ನಿಲ್ಲಲಿಲ್ಲ.

ಆ ವಾರವೇ ಬೀರು ಮೇಲಿನ ರಟ್ಟಿನ ಡಬ್ಬ ಇಳಿಸಿದೆ. ಚೀಟಿ ಕಟ್ಟಿದ ಒಂಬತ್ತು ಗೂಡು ಇದ್ದವು. ಕತ್ತರಿಯಲ್ಲಿ ಉದ್ದಕ್ಕೆ ಸೀಳಿ, ಮಣ್ಣಿನ ಉಂಡೆ ಬಿಡಿಸಿ, ಬೇರೆ ಬೇರೆ ಬಿಳಿ ತಟ್ಟೆಯಲ್ಲಿ ನೀರು ಹಾಕಿ ನೆನೆಸಿದೆ. ಬಾವಿ ಕಟ್ಟೆಯ ಮಣ್ಣು ಕೆಂಪು. ಗದ್ದೆಯ ಕೆಸರು ಕಪ್ಪು, ಬೆರಳಿಗೆ ಅಂಟು. ಎರಡನ್ನೂ ತಂದು ಪಕ್ಕದಲ್ಲಿಟ್ಟೆ. ಏಳು ತಟ್ಟೆಯಲ್ಲಿ ಕಪ್ಪು ಕೆಸರು, ಒಂದರಲ್ಲಿ ಕೂದಲಿನಷ್ಟು ಸಣ್ಣ ಬೇರು ಕೂಡ ಇತ್ತು. ಎರಡು ತಟ್ಟೆಯಲ್ಲಿ ಮಾತ್ರ ಕೆಂಪು.

ಆ ಎರಡರ ಚೀಟಿ ತಿರುಗಿಸಿ ನೋಡಿದೆ. ಎರಡೂ 2023ರವು. ಆ ವರ್ಷ ಮಳೆ ಕೈಕೊಟ್ಟಿತ್ತು, ಕೆಆರ್‌ಎಸ್ ತುಂಬಲಿಲ್ಲ, ಬಾವಿ ಪಕ್ಕದ ಗದ್ದೆ ನಾಟಿಯಾಗದೆ ಬಿರುಕು ಬಿಟ್ಟಿತ್ತು. ಗೂಡಿನ ನಾರು ಕೂಡ ಭತ್ತದ ಗರಿಯದ್ದಲ್ಲ, ಕಬ್ಬಿನ ಗರಿ ಸೀಳಿದ್ದು. ಆಗ ಅಲ್ಲಿ ಹಸಿ ಇದ್ದದ್ದು ಪಂಪ್‌ಸೆಟ್ ತೊಟ್ಟಿ ಸೋರುವ ಮೂಲೆ ಒಂದೇ, ಅಲ್ಲಿ ಕೆಂಪು ಮಣ್ಣು.

ತಟ್ಟೆಗಳ ಬಣ್ಣವನ್ನು ಎಡಗಡೆ ಪುಟದಲ್ಲಿ ಬರೆದೆ. ತೊಟ್ಟಿ ಮೂಲೆಯನ್ನು ಬಲಗಡೆ ಬರೆದೆ. ಯಾಕಂದರೆ ಆ ಮೂಲೆಯಿಂದ ಗೀಜಗ ಮಣ್ಣು ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಈ ಜೂನ್‌ನಿಂದ ಇಬ್ಬರು ಹುಡುಗಿಯರು ಮರ ಬಿಟ್ಟು ನೆಲ ನೋಡುತ್ತಿದ್ದಾರೆ. ಒಬ್ಬಳು ಗದ್ದೆ ಬದುವಿನ ಮೇಲೆ, ಒಬ್ಬಳು ತೊಟ್ಟಿಯ ಹತ್ತಿರ.